ತನ್ನ ಮೈತೂಕಕ್ಕಿಂತ ಜಾಸ್ತಿ ಭಾರವನ್ನು ಯಾವ ಪ್ರಾಣಿಯೂ ಎತ್ತೋಕಾಗಲ್ಲ ಅಂತಾರೆ, ನಿಜವಾ?

ರಾಟೆಹಗ್ಗ:
ನಮ್ಮ ಅಂಗಡಿಯಲ್ಲಿ ಟೀ ಹೊತ್ತಿಗೆ ಶುರುವಾದ ವಾದ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ. ನನ್ನ ಸ್ನೇಹಿತ ಹೇಳುವುದು ಇಷ್ಟು. ಯಾವ ಪ್ರಾಣಿಯೂ ತನ್ನ ತೂಕಕ್ಕಿಂತ ಜಾಸ್ತಿ ಭಾರ ಎತ್ತಲು ಸಾಧ್ಯವೇ ಇಲ್ಲ, ಅದು ಭೌತಶಾಸ್ತ್ರದ ನಿಯಮ. ಸಾಕ್ಷಿ ಕೇಳಿದರೆ ಬಾವಿ ರಾಟೆ ತೋರಿಸುತ್ತಾನೆ. ಹಗ್ಗದ ಒಂದು ತುದಿಗೆ 70 ಕೆಜಿ ಮೂಟೆ ಕಟ್ಟಿ, ಇನ್ನೊಂದು ತುದಿಯನ್ನು 60 ಕೆಜಿ ಮನುಷ್ಯ ಜಗ್ಗಿದರೆ ಏನಾಗುತ್ತದೆ? ಮೂಟೆ ಅಲ್ಲೇ ಕೂತಿರುತ್ತದೆ, ಮನುಷ್ಯನ ಕಾಲೇ ನೆಲ ಬಿಡುತ್ತದೆ. ಇದು ನಾನೂ ನೋಡಿದ್ದೇ, ಸುಳ್ಳಲ್ಲ. ಇರುವೆ 50 ಪಟ್ಟು ಎತ್ತುತ್ತದೆ ಅನ್ನುವುದೆಲ್ಲ ವಾಟ್ಸಾಪ್ ಕಥೆ ಅಂತ ಅವನ ತೀರ್ಮಾನ. ನನಗೆ ಎಲ್ಲೋ ಏನೋ ಸರಿಯಿಲ್ಲ ಅನಿಸುತ್ತಿದೆ, ಆದರೆ ಎಲ್ಲಿ ಅಂತ ಹಿಡಿಯಲು ಆಗುತ್ತಿಲ್ಲ. ಗೊತ್ತಿರುವವರು ಬಿಡಿಸಿ ಹೇಳಿ.

ಕುಂದಾಪ್ರದ_ಮಾಣಿ:
ನಿಮ್ಮ ಸ್ನೇಹಿತರು ಟೀವಿ ನೋಡುವುದೇ ಇಲ್ಲವಾ ಮಾರಾಯ್ರೆ? ನಮ್ಮ ಕುಂದಾಪುರದ ಕಡೆಯ ಗುರುರಾಜ್ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ವೇಟ್‌ಲಿಫ್ಟಿಂಗಿನ 56 ಕೆಜಿ ವಿಭಾಗದಲ್ಲಿ. ಸ್ನ್ಯಾಚ್ (ಒಂದೇ ಏಟಿಗೆ ತಲೆ ಮೇಲಕ್ಕೆ) 111, ಕ್ಲೀನ್ ಅಂಡ್ ಜರ್ಕ್ (ಮೊದಲು ಹೆಗಲಿಗೆ, ಆಮೇಲೆ ತಲೆ ಮೇಲಕ್ಕೆ) 138. ಅಂದರೆ ತನ್ನ ತೂಕದ ಎರಡೂವರೆ ಪಟ್ಟು ಹತ್ತಿರ ತಲೆ ಮೇಲೆ ಎತ್ತಿ ನಿಂತದ್ದು. 2022ರಲ್ಲಿ ಬರ್ಮಿಂಗ್‌ಹ್ಯಾಂನಲ್ಲಿ 61 ಕೆಜಿ ವಿಭಾಗಕ್ಕೆ ಹೋಗಿ 151 ಎತ್ತಿ ಕಂಚು ತಂದರು. ಮೀರಾಬಾಯಿ ಚಾನು 49 ಕೆಜಿ ವಿಭಾಗದಲ್ಲಿ 119 ಕೆಜಿ ಎತ್ತಿದ್ದಾರೆ, ಅದು 2021ರಲ್ಲಿ ವಿಶ್ವದಾಖಲೆ. ಎಲ್ಲರಿಗಿಂತ ಮೇಲಿನ ಮಾತು ಟರ್ಕಿಯ ನಯೀಂ ಸುಲೇಮಾನೋಗ್ಲು. 1988ರ ಸೋಲ್ ಒಲಿಂಪಿಕ್ಸ್, 60 ಕೆಜಿ ವಿಭಾಗ, 190 ಕೆಜಿ. ಮೂರು ಪಟ್ಟಿಗೂ ಜಾಸ್ತಿ. ಇದೆಲ್ಲ ಅಂಪೈರು, ತಕ್ಕಡಿ, ಕ್ಯಾಮೆರಾ ಎದುರಿಗೇ ಆದದ್ದು. ಮತ್ತೆ ಯಾವ ನಿಯಮ ಅದು?

ಬಯಲುಸೀಮೆ_ಬಸು:
ಒಲಿಂಪಿಕ್ಸ್ ತನಕ ಯಾಕೆ ಹೋಗಬೇಕ್ರಿ, ಯಾವುದಾದರೂ ಎಪಿಎಂಸಿ ಯಾರ್ಡಿಗೆ ಹೋಗಿ ನಿಂತರೆ ಸಾಕು. ಈಗ 50 ಕೆಜಿ ಚೀಲ ಜಾಸ್ತಿ. ಆದರೆ ಕ್ವಿಂಟಲ್ ಚೀಲ ಹೊತ್ತ ಹಮಾಲರು ಇನ್ನೂ ಇದ್ದಾರೆ. ಅವರಲ್ಲಿ ಎಷ್ಟು ಜನ 60 ಕೆಜಿ ದಾಟಿದ್ದರು ಅಂತೀರಿ? ಒಂದು ಮಾತು ಮಾತ್ರ ಗಮನಿಸಬೇಕು. ಹೊರುವವನು ಆ ಚೀಲವನ್ನು ನೆಲದಿಂದ ತಾನೇ ಎತ್ತುವುದಿಲ್ಲ. ಇಬ್ಬರು ಚೀಲದ ಕಿವಿ ಹಿಡಿದು ಜೋಲಿ ಹೊಡೆದು ಎತ್ತಿ ಕೊಡುತ್ತಾರೆ, ಇವನು ಮೊದಲೇ ಬಗ್ಗಿ ಬೆನ್ನು ಕೊಟ್ಟಿರುತ್ತಾನೆ. ಬಿದ್ದ ಕೂಡಲೇ ನಿಲ್ಲುವುದಿಲ್ಲ, ಸಣ್ಣ ಸಣ್ಣ ಹೆಜ್ಜೆ ಹಾಕಿ ಓಡುವ ಹಾಗೆ ಹೊರಟುಬಿಡುತ್ತಾನೆ. ನಿಂತರೆ ಭಾರ ಜಾಸ್ತಿ ಅನಿಸುತ್ತದೆ ಅಂತ ಅವರೇ ಹೇಳುತ್ತಾರೆ.

ಒಬ್ಬನೇ ನೆಲದಿಂದ ಎತ್ತುವುದು ನೋಡಬೇಕೆಂದರೆ ನಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಿ. ಗುಂಡು ಕಲ್ಲು, ಹಿಡಿಕೆ ಇಲ್ಲ, ನುಣುಪು. ತಬ್ಬಿ ಹಿಡಿದು ಮೊದಲು ತೊಡೆ ಮೇಲೆ ತಂದುಕೊಳ್ಳಬೇಕು, ಅಲ್ಲಿಂದ ಎದೆಗೆ, ಎದೆಯಿಂದ ಹೆಗಲಿಗೆ, ಆಮೇಲೆ ಬೆನ್ನ ಹಿಂದೆ ಒಗೆಯಬೇಕು. ತೊಡೆಗೆ ಬಂದರೆ ಅರ್ಧ ಗೆದ್ದ ಹಾಗೆ.

ಲೆಕ್ಕದ_ಮೇಡಂ:
ರಾಟೆ ಉದಾಹರಣೆ ಸರಿಯಾಗೇ ಇದೆ, ಅದರಿಂದ ತೆಗೆದ ತೀರ್ಮಾನ ಸರಿಯಿಲ್ಲ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ಇದೇ ಪ್ರಶ್ನೆ ಮಕ್ಕಳೂ ಕೇಳುತ್ತಾರೆ.

ರಾಟೆಯಲ್ಲಿ ನೀವು ಹಗ್ಗವನ್ನು ಕೆಳಕ್ಕೆ ಜಗ್ಗುತ್ತೀರಿ. ನೀವು ಹಗ್ಗವನ್ನು ಎಷ್ಟು ಜೋರಾಗಿ ಕೆಳಕ್ಕೆ ಎಳೆಯುತ್ತೀರೋ ಹಗ್ಗ ನಿಮ್ಮನ್ನು ಅಷ್ಟೇ ಜೋರಾಗಿ ಮೇಲಕ್ಕೆ ಎಳೆಯುತ್ತದೆ. ನಿಮ್ಮನ್ನು ನೆಲದಲ್ಲಿ ಹಿಡಿದಿಡುವುದು ನಿಮ್ಮ ತೂಕ ಮಾತ್ರ. ಹಗ್ಗದ ಎಳೆತ ಆ ತೂಕವನ್ನು ಮುಟ್ಟಿದ ಕ್ಷಣ ಕಾಲು ನೆಲ ಬಿಟ್ಟಿತು. ಅಲ್ಲಿ ಸೋತದ್ದು ನಿಮ್ಮ ಸ್ನಾಯು ಅಲ್ಲ. ಸ್ನಾಯುವಿಗೆ ಇನ್ನೂ ಶಕ್ತಿ ಇದ್ದಿರಬಹುದು, ಆದರೆ ಆನಿಕೊಳ್ಳಲು ಏನೂ ಇಲ್ಲ.

ನೆಲದಿಂದ ಮೇಲಕ್ಕೆ ಎತ್ತುವಾಗ ಲೆಕ್ಕ ತಿರುಗುತ್ತದೆ. ನೀವು ಭಾರವನ್ನು ಮೇಲಕ್ಕೆ ಎತ್ತಿದರೆ ಅದು ನಿಮ್ಮನ್ನು ಕೆಳಕ್ಕೆ ಒತ್ತುತ್ತದೆ. ಕೆಳಗೆ ನೆಲ ಇದೆ. ನಿಮ್ಮ ತೂಕ 60, ಭಾರ 120 ಆದರೆ ನೆಲ ಸುಮ್ಮನೆ 180ನ್ನು ಹೊತ್ತುಕೊಳ್ಳುತ್ತದೆ. ಇಲ್ಲಿ ಮೈತೂಕ ಅನ್ನುವುದು ಮಿತಿಯೇ ಅಲ್ಲ. ಮಿತಿ ಇರುವುದು ಸ್ನಾಯುವಿನಲ್ಲಿ, ಮೂಳೆಯಲ್ಲಿ, ಮತ್ತು ಸಮತೋಲನದಲ್ಲಿ.

ಸಮತೋಲನ ಯಾಕೆ ಅಂದರೆ, ನೀವು ಮತ್ತು ಭಾರ ಎರಡೂ ಸೇರಿದ ತೂಕದ ಕೇಂದ್ರ ನಿಮ್ಮ ಪಾದಗಳ ಮೇಲೇ ಇರಬೇಕು. ಭಾರ ನಿಮಗಿಂತ ಜಾಸ್ತಿ ಇದ್ದರೆ ಅದನ್ನು ಕೈ ಚಾಚಿ ಮುಂದೆ ಹಿಡಿಯಲು ಸಾಧ್ಯವಿಲ್ಲ, ಮುಗ್ಗರಿಸುತ್ತೀರಿ. ಅದಕ್ಕೇ ಬಾರ್ ಎತ್ತುವವರು ಅದನ್ನು ಮೊಣಕಾಲಿಗೆ ತಾಗಿಸಿಕೊಂಡೇ ತರುತ್ತಾರೆ. ಬಸು ಅವರು ಹೇಳಿದ ಕಲ್ಲನ್ನು ತಬ್ಬಿಕೊಳ್ಳುವುದೂ ಅದಕ್ಕೇ.

ಬರೀ_ಅನುಮಾನ:
ಮನುಷ್ಯರದ್ದು ಒಪ್ಪಿದೆ ಮೇಡಂ. ಆದರೆ ವಾಟ್ಸಾಪ್ ಪಟ್ಟಿಗಳ ವಿಷಯದಲ್ಲಿ ಆ ಸ್ನೇಹಿತರ ಅನುಮಾನ ಪೂರ್ತಿ ತಪ್ಪಲ್ಲ. ಇರುವೆ 50 ಪಟ್ಟು, ಕೊಂಬಿನ ದುಂಬಿ 850 ಪಟ್ಟು, ಸಗಣಿ ಹುಳ 1141 ಪಟ್ಟು, ಗೊರಿಲ್ಲಾ 10 ಪಟ್ಟು. ಈ ಅಂಕಿಗಳು ಎಲ್ಲ ಕಡೆ ಓಡಾಡುತ್ತವೆ. ಯಾರು ತೂಕ ಹಾಕಿ ನೋಡಿದರು? 1141 ಅನ್ನುವಷ್ಟು ಚೊಕ್ಕ ಅಂಕಿ ಕೇಳಿದರೇ ನನಗೆ ಅನುಮಾನ ಬರುತ್ತದೆ.

ಹುಳಹುಪ್ಪಟೆ:
ತಮಾಷೆ ಏನೆಂದರೆ ಆ ಪಟ್ಟಿಯಲ್ಲಿ ನಿಮಗೆ ಅನುಮಾನ ಬಂದ 1141 ಅಳತೆ ಮಾಡಿದ ಅಂಕಿ, 850 ಹಾರಿಸಿದ ಗಾಳಿಪಟ.

850ರ ಕಥೆ ಮೊದಲು. ರೈನೋ ದುಂಬಿ, ಅಂದರೆ ನೀವು ಹೇಳಿದ ಕೊಂಬಿನ ದುಂಬಿಯ ಬಗ್ಗೆ ಈ ಅಂಕಿ ಪುಸ್ತಕದಿಂದ ಪುಸ್ತಕಕ್ಕೆ ನಕಲಾಗುತ್ತಾ ಬಂತು. ರಾಜರ್ ಕ್ರ್ಯಾಮ್ ಅನ್ನುವ ವಿಜ್ಞಾನಿ ದುಂಬಿಯ ಬೆನ್ನಿಗೆ ನಿಜವಾಗಿ ತೂಕ ಕಟ್ಟಿ ನಡೆಸಿ ನೋಡಿ 1996ರಲ್ಲಿ ಪ್ರಕಟಿಸಿದರು. ತನ್ನ ತೂಕದ 30 ಪಟ್ಟು ಹೊತ್ತು ದುಂಬಿ ಆರಾಮಾಗಿ ಬಹಳ ಹೊತ್ತು ನಡೆಯಿತು. 100 ಪಟ್ಟಿಗೆ ಬಂದಾಗ ಕಷ್ಟಪಟ್ಟು ಅಲುಗಾಡಿತು, ಅಷ್ಟೇ. 850 ಎಲ್ಲಿ, 100 ಎಲ್ಲಿ! ಆದರೂ 100 ಅಂದರೆ ಸಣ್ಣ ಮಾತಾ? ಆ ಪ್ರಯೋಗದಲ್ಲಿ ಇನ್ನೂ ವಿಚಿತ್ರವಾದದ್ದು ಉಸಿರಾಟದ ಲೆಕ್ಕ. ಹೊರೆ ಹೆಚ್ಚಿದಷ್ಟು ಮೈಯ ಶಕ್ತಿಯ ಖರ್ಚೂ (ಉಸಿರಿನಿಂದ ಅಳೆಯುವುದು ಅದನ್ನೇ) ಹೆಚ್ಚಬೇಕು ತಾನೇ? ದುಂಬಿಗೆ ಅಷ್ಟು ಹೆಚ್ಚಲಿಲ್ಲ, ಬಹಳ ಅಗ್ಗದಲ್ಲಿ ಹೊರುತ್ತದೆ.

ಇನ್ನು 1141. ಅದು ಆಂಥೋಫೇಗಸ್ ಟಾರಸ್ ಅನ್ನುವ ಕೊಂಬಿನ ಸಗಣಿ ಹುಳ. ರಾಬ್ ನೆಲ್ ಮತ್ತು ಲೀ ಸಿಮನ್ಸ್ 2010ರಲ್ಲಿ ಪ್ರಕಟಿಸಿದ್ದು. ಹುಳದ ಬೆನ್ನಿನ ಗಟ್ಟಿ ರೆಕ್ಕೆಗೆ ನೂಲು ಅಂಟಿಸಿದರು. ಹುಳವನ್ನು ಸುರಂಗದಂಥ ಕಿರಿದಾದ ಜಾಗಕ್ಕೆ ಬಿಟ್ಟರು. ನೂಲನ್ನು ಒಂದು ರಾಟೆ ಮೇಲೆ ಹಾಯಿಸಿ ಇನ್ನೊಂದು ತುದಿಗೆ ಪುಟ್ಟ ಬಕೆಟ್ಟು ಕಟ್ಟಿದರು. ಬಕೆಟ್ಟಿಗೆ ಹನಿ ಹನಿಯಾಗಿ ನೀರು. ಹುಳ ಕಾಲೂರಿ ಹಿಡಿದುಕೊಳ್ಳುತ್ತದೆ, ನೀರು ತುಂಬುತ್ತಾ ಹೋಗುತ್ತದೆ, ಯಾವಾಗ ಹುಳ ಜಾರಿ ಈಚೆ ಬರುತ್ತದೋ ಆಗ ಬಕೆಟ್ಟನ್ನು ತೂಗುವುದು. ನೋಡಿ, ಇಲ್ಲಿಯೂ ರಾಟೆಯೇ! ಆದರೆ ಸುರಂಗದ ಗೋಡೆಗೆ ಆರು ಕಾಲನ್ನೂ ಒತ್ತಿ ನಿಂತಿರುವುದರಿಂದ ಮೈತೂಕದ ಮಿತಿ ಹಾರಿಹೋಯಿತು. ಮೇಡಂ ಹೇಳಿದ ‘ಆನಿಕೊಳ್ಳುವುದು’ ಅಂದರೆ ಇದೇ ಅಲ್ವಾ?

ಆ ಹುಳಕ್ಕೆ ಇಷ್ಟು ಬಲ ಯಾಕೆ ಬೇಕು ಅಂದರೆ, ಹೆಣ್ಣು ಸಗಣಿಯ ಕೆಳಗೆ ಬಿಲ ತೋಡುತ್ತದೆ, ಕೊಂಬಿನ ಗಂಡು ಬಿಲದ ಬಾಗಿಲು ಕಾಯುತ್ತದೆ. ಇನ್ನೊಂದು ಗಂಡು ಬಂದರೆ ಕೊಂಬಿಗೆ ಕೊಂಬು ಕೊಟ್ಟು ತಳ್ಳಾಟ. ಹಿಂದೆ ಸರಿದವನು ಹೊರಗೆ. ಕೊಂಬಿಲ್ಲದ ಸಣ್ಣ ಗಂಡುಗಳು ಜಗಳಕ್ಕೇ ಹೋಗುವುದಿಲ್ಲ, ಪಕ್ಕದಿಂದ ಕಳ್ಳದಾರಿ ಮಾಡಿಕೊಂಡು ಒಳಗೆ ನುಸುಳುತ್ತವೆ.

ರಾಟೆಹಗ್ಗ:
ಅಂಗಡಿಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ಸ್ನೇಹಿತ ಪಟ್ಟು ಬಿಡುತ್ತಿಲ್ಲ. “ಹುಳ ಜಗ್ಗಿತು, ತಡೆದು ನಿಂತಿತು, ಎತ್ತಲಿಲ್ಲ” ಅಂತಾನೆ. ಅಂಟಿಕೊಂಡು ನಿಲ್ಲುವುದೇ ಎತ್ತುವುದಾದರೆ ಗೋಡೆಗೆ ಹೊಡೆದ ಮೊಳೆಯೂ ಎತ್ತುತ್ತದಂತೆ. ಅದೂ ನ್ಯಾಯವೇ.

ಹುಳಹುಪ್ಪಟೆ:
ನ್ಯಾಯವೇ. ಜಗ್ಗುವುದು, ತಡೆಯುವುದು, ಹೊರುವುದು, ನೆಲದಿಂದ ಎತ್ತುವುದು ನಾಲ್ಕೂ ಬೇರೆ. ಪಟ್ಟಿ ಮಾಡುವವರು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತಾರೆ. ಅಮೆರಿಕದ ಒಹಾಯೋದಲ್ಲಿ ಒಂದು ಜಾತಿಯ ಇರುವೆಯ ಕುತ್ತಿಗೆ ಎಷ್ಟು ಎಳೆತ ತಡೆಯುತ್ತದೆ ಅಂತ ಯಂತ್ರದಲ್ಲಿ ತಿರುಗಿಸಿ ನೋಡಿದರು, 2014ರಲ್ಲಿ ಬಂತು. ಮೈತೂಕದ 3,400ರಿಂದ 5,000 ಪಟ್ಟಿನ ತನಕ ಹೋದ ಮೇಲೆ ಕಿತ್ತುಬಂತು. ತಕ್ಷಣ ಪೇಪರಿನಲ್ಲಿ ‘ಇರುವೆ 5,000 ಪಟ್ಟು ಎತ್ತುತ್ತದೆ’ ಅಂತ ತಲೆಬರಹ! ಅದು ಕುತ್ತಿಗೆ ಹರಿಯುವ ಮಟ್ಟ ಸ್ವಾಮಿ, ಎತ್ತುವ ಮಟ್ಟ ಅಲ್ಲ.

ಹೊರುವುದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಚಗಳಿ ಇರುವೆ ಇದೆ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಚಟ್ನಿ ಮಾಡುತ್ತಾರಲ್ಲ, ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪು ಇರುವೆ, ಅದೇ. ಕೇಂಬ್ರಿಡ್ಜಿನ ಥಾಮಸ್ ಎಂಡ್ಲೈನ್ ತೆಗೆದ ಒಂದು ಫೋಟೋ 2010ರಲ್ಲಿ ಬಹಳ ಹೆಸರಾಯಿತು. ಗಾಜಿನಂಥ ನುಣುಪು ಮೇಲ್ಮೈಗೆ ತಲೆಕೆಳಗಾಗಿ ನಿಂತ ಒಂದೇ ಒಂದು ಇರುವೆ, ಬಾಯಲ್ಲಿ 500 ಮಿಲಿಗ್ರಾಂ ತೂಕ. ತನ್ನ ತೂಕದ 100 ಪಟ್ಟಿಗೂ ಜಾಸ್ತಿ.

ಸಿರ್ಸಿ ಕಡೆ ನಮ್ಮ ತೋಟದಲ್ಲಿ ಇವುಗಳ ಕೆಲಸ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಎರಡು ಎಲೆ ದೂರ ಇದ್ದರೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು ಸರಪಳಿ ಮಾಡುತ್ತವೆ. ಮೊದಲನೆಯದು ಆಚೆ ಎಲೆಯ ಅಂಚು ಹಿಡಿಯುತ್ತದೆ, ಕೊನೆಯದು ಹಿಂದೆ ಹಿಂದೆ ಹೆಜ್ಜೆ ಇಡುತ್ತದೆ. ಎಲೆ ಬಾಗುತ್ತದೆ. ಅಂಚಿಗೆ ಅಂಚು ಕೂಡಿದ ಮೇಲೆ ಕೆಲವು ಇರುವೆ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತರುತ್ತವೆ. ಆ ಮರಿ ಬಿಡುವ ರೇಷ್ಮೆಯೇ ಗೋಂದು. ಆಚೆ ಅಂಚಿಗೆ ತಾಗಿಸಿ, ಈಚೆ ಅಂಚಿಗೆ ತಾಗಿಸಿ, ಹೊಲಿದು ಮುಗಿಸುತ್ತವೆ. ಹತ್ತಿರ ಹೋಗುವಾಗ ಹುಷಾರು, ಕಚ್ಚಿದ ಜಾಗಕ್ಕೆ ಆಸಿಡ್ ಬೇರೆ ಸಿಂಪಡಿಸುತ್ತವೆ.

ಬರೀ_ಅನುಮಾನ:
ಅಂದರೆ ಇರುವೆಯ ಸ್ನಾಯು ನಮ್ಮದಕ್ಕಿಂತ ನೂರು ಪಟ್ಟು ಗಟ್ಟಿ ಅಂತಲಾ?

ಲೆಕ್ಕದ_ಮೇಡಂ:
ಇಲ್ಲ, ಇಡೀ ಚರ್ಚೆಯ ತಿರುಳು ಅದೇ. ಇರುವೆಯದ್ದಾಗಲಿ ನಮ್ಮದಾಗಲಿ ಆನೆಯದ್ದಾಗಲಿ, ಸ್ನಾಯುವಿನ ಒಂದು ಚದರ ಸೆಂಟಿಮೀಟರ್ ಅಡ್ಡಕೊಯ್ತ (ಅಡ್ಡಕ್ಕೆ ಕತ್ತರಿಸಿದರೆ ಕಾಣುವ ಮುಖ) ಸುಮಾರು 2ರಿಂದ 3 ಕೆಜಿಯಷ್ಟು ಎಳೆಯುತ್ತದೆ. ಸ್ವಲ್ಪ ಹೆಚ್ಚುಕಮ್ಮಿ ಇದೆ, ಏಡಿಯ ಕೊಂಡಿಯಂಥ ಕೆಲವು ಕಡೆ ಜಾಸ್ತಿ. ಆದರೆ ನೂರು ಪಟ್ಟಿನ ವ್ಯತ್ಯಾಸ ಎಲ್ಲೂ ಇಲ್ಲ. ಇರುವೆ ಬಲಶಾಲಿ ಅಲ್ಲ. ಇರುವೆ ಚಿಕ್ಕದು. ಅಷ್ಟೇ ಗುಟ್ಟು.

ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಒಂದು ಪ್ರಾಣಿಯನ್ನು ಆಕಾರ ಬದಲಿಸದೆ ಎಲ್ಲ ಕಡೆಯಿಂದ ಎರಡರಷ್ಟು ಮಾಡಿ. ಉದ್ದ 2 ಪಟ್ಟು. ಸ್ನಾಯು ಮತ್ತು ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ 4 ಪಟ್ಟು. ತೂಕ ಮಾತ್ರ 8 ಪಟ್ಟು. ಬಲ 4 ಪಟ್ಟು, ಹೊರೆ 8 ಪಟ್ಟು. ಹಾಗಾಗಿ ತನ್ನ ತೂಕಕ್ಕೆ ಹೋಲಿಸಿದ ಶಕ್ತಿ ಅರ್ಧಕ್ಕೆ ಇಳಿಯಿತು.

ಈಗ ಲೆಕ್ಕ ಮಾಡೋಣ. ಇರುವೆ 5 ಮಿಲಿಮೀಟರ್, ಮನುಷ್ಯ 170 ಸೆಂಟಿಮೀಟರ್ ಅಂದುಕೊಳ್ಳಿ. 340 ಪಟ್ಟು ವ್ಯತ್ಯಾಸ. 50 ಪಟ್ಟು ಎತ್ತುವ ಇರುವೆಯನ್ನು ಮನುಷ್ಯನ ಗಾತ್ರಕ್ಕೆ ಹಿಗ್ಗಿಸಿದರೆ ಅದರ 50 ಅನ್ನು 340ರಿಂದ ಭಾಗಿಸಬೇಕು. ಸುಮಾರು 0.15 ಬರುತ್ತದೆ. ಅಂದರೆ ಹೊರೆ ಬಿಡಿ, ತನ್ನ ಮೈಯನ್ನೇ ಎತ್ತಿ ನಿಲ್ಲಲಾರದು, ಆ ಕಡ್ಡಿಕಾಲು ಮುರಿದು ಹೊಟ್ಟೆ ಮೇಲೆ ಬೀಳುತ್ತದೆ. ಸಿನಿಮಾದಲ್ಲಿ ಬರುವ ಬಸ್ಸಿನಷ್ಟು ದೊಡ್ಡ ಇರುವೆಗೆ ಯಾರೂ ಹೆದರಬೇಕಾಗಿಲ್ಲ. ತಿರುಗಿಸಿ ನೋಡಿದರೆ ಇನ್ನೂ ಚೆನ್ನ. ತನ್ನಷ್ಟೇ ತೂಕ ಎತ್ತಬಲ್ಲ ಸಾಮಾನ್ಯ ಮನುಷ್ಯನನ್ನು ಇರುವೆ ಗಾತ್ರಕ್ಕೆ ಇಳಿಸಿದರೆ ಈ ಲೆಕ್ಕದ ಪ್ರಕಾರ ಅವನು ನೂರಾರು ಪಟ್ಟು ಎತ್ತುತ್ತಾನೆ. ಇರುವೆ ಅವನ ಮುಂದೆ ಏನೂ ಅಲ್ಲ.

ಕುಂದಾಪ್ರದ_ಮಾಣಿ:
ಇದು ವೇಟ್‌ಲಿಫ್ಟಿಂಗಿನಲ್ಲೂ ಕಾಣುತ್ತದೆ ಮೇಡಂ! ಜಾರ್ಜಿಯಾದ ಲಾಶಾ ತಲಖಾಡ್ಜೆ 2021ರಲ್ಲಿ 267 ಕೆಜಿ ಎತ್ತಿದ. ಅವನ ತೂಕ 170ಕ್ಕೂ ಜಾಸ್ತಿ. ಒಂದೂವರೆ ಪಟ್ಟು ಅಷ್ಟೇ. ಸುಲೇಮಾನೋಗ್ಲು 60 ಕೆಜಿಯಲ್ಲಿ 190. ಮೈತೂಕ ಸುಮಾರು ಮೂರು ಪಟ್ಟಾದರೂ ಎತ್ತಿದ್ದು ಒಂದೂವರೆ ಪಟ್ಟೂ ಹೆಚ್ಚಲಿಲ್ಲ. ಅದಕ್ಕೇ ತೂಕದ ವಿಭಾಗ ಮಾಡಿರುವುದು. ಪವರ್‌ಲಿಫ್ಟಿಂಗಿನಲ್ಲಿ ಲಾಮಾರ್ ಗ್ಯಾಂಟ್ ಅಂತ ಒಬ್ಬ ಇದ್ದ, 1985ರಲ್ಲಿ 60 ಕೆಜಿ ಮೈಗೆ 300 ಕೆಜಿ ಡೆಡ್‌ಲಿಫ್ಟ್, ಅಂದರೆ ನೆಲದಿಂದ ಎತ್ತಿ ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲುವುದು. ಐದು ಪಟ್ಟು. ಅವನ ಬೆನ್ನುಮೂಳೆ ಸೊಟ್ಟ ಇತ್ತು, ನಿಂತರೆ ಕೈ ಮಾಮೂಲಿಗಿಂತ ಕೆಳಗೆ ಬರುತ್ತಿತ್ತು, ಎತ್ತಬೇಕಾದ ದೂರವೇ ಕಮ್ಮಿ. ಕೊರತೆಯೇ ಕೆಲಸಕ್ಕೆ ಬಂತು. 500 ಕೆಜಿ ಡೆಡ್‌ಲಿಫ್ಟ್ ಮಾಡಿದ ಎಡ್ಡಿ ಹಾಲ್‌ದು, 2016, ಮೂರು ಪಟ್ಟೂ ಬರುವುದಿಲ್ಲ. ದೊಡ್ಡವರು ದೊಡ್ಡದು ಎತ್ತುತ್ತಾರೆ, ಪಟ್ಟಿನಲ್ಲಿ ಸಣ್ಣವರೇ ಮುಂದೆ.

ಅಂಬಾರಿ_ನೋಡಿದವ:
ಹಾಗಾದರೆ ಆನೆ ವಿಷಯಕ್ಕೆ ಬರೋಣ, ಮೈಸೂರಿನವನು ಸುಮ್ಮನೆ ಕೂರಲು ಆಗುವುದಿಲ್ಲ. ದಸರಾ ಅಂಬಾರಿ 750 ಕೆಜಿ. ಎಲ್ಲರೂ ಅಬ್ಬಬ್ಬಾ ಅನ್ನುತ್ತಾರೆ. 2020ರಿಂದ ಹೊರುತ್ತಿರುವ ಅಭಿಮನ್ಯುವಿನ ತೂಕ 5,000 ಕೆಜಿಗೂ ಮೇಲೆ. ಭಾಗಿಸಿ ನೋಡಿ, ಮೇಡಂ ಹೇಳಿದ ಅದೇ 0.15! 60 ಕೆಜಿ ಮನುಷ್ಯನಿಗೆ 9 ಕೆಜಿ ಆಯಿತು, ನಮ್ಮ ಮಗಳ ಸ್ಕೂಲ್ ಬ್ಯಾಗು.

ಆದರೂ ಸುಲಭ ಅಂತ ತಿಳಿಯಬೇಡಿ. ಕಾಡಿನ ಶಿಬಿರಗಳಿಂದ ಆನೆಗಳು ಬಂದ ಕೂಡಲೇ ಧನ್ವಂತರಿ ರಸ್ತೆಯ ವೇಬ್ರಿಡ್ಜಿನಲ್ಲಿ ತೂಕ ಹಾಕಿಸುತ್ತಾರೆ. ಆಮೇಲೆ ಬೆನ್ನಿಗೆ ನಮ್ದಾ (ದಪ್ಪ ಹಾಸು), ಗಾದಿ ಕಟ್ಟಿ ಮರಳು ಮೂಟೆ ಹೇರಿ ಅರಮನೆಯಿಂದ ಬನ್ನಿಮಂಟಪದ ತನಕ ನಡೆಸಿ ಅಭ್ಯಾಸ ಮಾಡಿಸುತ್ತಾರೆ. ಮೂಟೆ ದಿನದಿಂದ ದಿನಕ್ಕೆ ಜಾಸ್ತಿ. ಕೊನೆಗೆ ಮರದ ಅಂಬಾರಿ, ಆಮೇಲೆ ಚಿನ್ನದ್ದು. 14 ಸಲ ಅಂಬಾರಿ ಹೊತ್ತ ಬಲರಾಮನೂ ಹೀಗೇ ಅಭ್ಯಾಸ ಮಾಡಿಯೇ ಹೊತ್ತದ್ದು. ಆನೆಯ ಬೆನ್ನುಮೂಳೆ ಮೇಲಕ್ಕೆ ಕಮಾನಾಗಿದೆ, ಅಂಬಾರಿ ನೇರ ಮೂಳೆ ಮೇಲೆ ಕೂರಬಾರದು. ಅದಕ್ಕೇ ಗಾದಿ ಕಟ್ಟುವುದರಲ್ಲೇ ಮಾವುತರ ಅರ್ಧ ಕೆಲಸ. ಸೊಂಡಿಲಿನಿಂದ ದಿಮ್ಮಿ ಎತ್ತುವುದೂ ಅಷ್ಟೇ, ಕೆಲವು ನೂರು ಕೆಜಿ. ತನ್ನ ತೂಕದ ಹತ್ತಿರಕ್ಕೂ ಹೋಗುವುದಿಲ್ಲ.

ಬಯಲುಸೀಮೆ_ಬಸು:
ಎತ್ತುಗಳೂ ಹಂಗೇ. ಜೋಡೆತ್ತು ಟನ್ ಮೇಲಿನ ಕಬ್ಬಿನ ಗಾಡಿ ಎಳೆಯುತ್ತವೆ, ಆದರೆ ಭಾರ ಹೊತ್ತಿರುವುದು ಚಕ್ರ. ಎತ್ತಿನ ಬೆನ್ನಿಗೆ ಅದರಲ್ಲಿ ಕಾಲು ಭಾಗ ಹೇರಿ ನೋಡಿ, ಮಲಗಿಬಿಡುತ್ತದೆ. ಅಂದ ಹಾಗೆ ಪ್ರಾಣಾಪಾಯದಲ್ಲಿ ತಾಯಿ ಕಾರನ್ನೇ ಎತ್ತಿ ಮಗುವನ್ನು ಉಳಿಸಿದಳು ಅಂತ ಬರುತ್ತವಲ್ಲ, ಅದರ ಕಥೆ ಏನು?

ಫಿಸಿಯೋ_ಅಕ್ಕ:
ಪೂರ್ತಿ ಕಾರನ್ನು ಯಾರೂ ಎತ್ತಿರುವುದಿಲ್ಲ ಬಸಣ್ಣ. ಹಳೆಯ ಮಾರುತಿ 800 ತೆಗೆದುಕೊಳ್ಳಿ, ಸುಮಾರು 650 ಕೆಜಿ. ಎಂಜಿನ್ ಮುಂದೆ ಇರುವುದರಿಂದ ಹಿಂದಿನ ಎರಡು ಚಕ್ರಕ್ಕೆ ಬರುವುದು ಅರ್ಧಕ್ಕಿಂತ ಕಡಿಮೆ. ಒಂದೇ ಮೂಲೆ ಎತ್ತಿದರೆ ಅದರಲ್ಲೂ ಕಡಿಮೆ. ಒಂದು ಚಕ್ರ ಎರಡು ಅಂಗುಲ ಮೇಲೆದ್ದರೂ ಕೆಳಗೆ ಸಿಕ್ಕಿದವರನ್ನು ಎಳೆದುಕೊಳ್ಳಬಹುದು. ಭಯದಲ್ಲಿ ನೋವು ಗೊತ್ತಾಗುವುದಿಲ್ಲ, ಮೈ ತನ್ನ ಪೂರ್ತಿ ಶಕ್ತಿಯ ಹತ್ತಿರಕ್ಕೆ ಹೋಗುತ್ತದೆ. ನಮ್ಮಲ್ಲಿಗೆ ಬರುವ ಎಷ್ಟೋ ಜನ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡವರು, ಸಿಲಿಂಡರ್ ತುಂಬಿದರೂ 30 ಕೆಜಿ ಆಸುಪಾಸು ಅಷ್ಟೇ. ಬಗ್ಗಿದ ರೀತಿ ಕೆಟ್ಟದ್ದಾದರೆ ಭಾರ ಕಮ್ಮಿ ಇದ್ದರೂ ಕೈಕೊಡುತ್ತದೆ.

ಇನ್ನೊಂದು ವಿಷಯ. ಮೈಯೊಳಗೆ ನೋಡಿದರೆ ನಾವೆಲ್ಲ ದಿನಾ ನಮ್ಮ ತೂಕಕ್ಕಿಂತ ಜಾಸ್ತಿ ಎಳೆಯುತ್ತಲೇ ಇದ್ದೇವೆ. ಅಟ್ಟದ ಮೇಲಿನ ಡಬ್ಬಕ್ಕೆ ಕೈ ಚಾಚಲು ಒಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಿ. ಪಾದದ ಮುಂಭಾಗ ನೆಲದ ಮೇಲೆ, ಕಣಕಾಲಿನ ಕೀಲು ಮಧ್ಯೆ, ಹಿಮ್ಮಡಿ ಹಿಂದೆ. ಕೀಲಿನಿಂದ ಮುಂದಕ್ಕೆ ಇರುವ ದೂರ ಹಿಂದಕ್ಕೆ ಇರುವುದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ 60 ಕೆಜಿ ಮನುಷ್ಯನ ಹಿಮ್ಮಡಿ ಹಿಂದಿನ ದಪ್ಪ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) 130, 140 ಕೆಜಿಯಷ್ಟು ಎಳೆತ ತಡೆದಿರುತ್ತದೆ. ಓಡುವಾಗ ಇನ್ನೂ ಜಾಸ್ತಿ. ತೋಳಿನಲ್ಲೂ ಹಾಗೇ. ಮೊಣಕೈ ಮಡಿಸಿ 10 ಲೀಟರ್ ನೀರಿನ ಬಕೆಟ್ಟು ಹಿಡಿದರೆ ತೋಳಿನ ಸ್ನಾಯು 80, 90 ಕೆಜಿಯಷ್ಟು ಎಳೆಯಬೇಕು, ಯಾಕೆಂದರೆ ಅದು ಅಂಟಿಕೊಂಡಿರುವುದು ಕೀಲಿನ ಪಕ್ಕದಲ್ಲೇ. ದೇಹದ ಕಟ್ಟಡ ಬಲ ಕಳೆದುಕೊಂಡು ವೇಗ ಗಳಿಸುವ ಹಾಗಿದೆ.

ಒಂದು ಸಲ ಎತ್ತುವುದಕ್ಕೂ ದಿನಾ ಹೊರುವುದಕ್ಕೂ ಬಹಳ ವ್ಯತ್ಯಾಸ. ಕೆನಡಾದ ಗ್ರೆಗ್ ಅರ್ನ್‌ಸ್ಟ್ 1993ರಲ್ಲಿ ಎರಡು ಕಾರು, ಒಳಗೆ ಡ್ರೈವರುಗಳು, ಎಲ್ಲ ಸೇರಿ 2,422 ಕೆಜಿಯ ವೇದಿಕೆಯನ್ನು ಬೆನ್ನಿನಿಂದ ಎತ್ತಿದ. ಆದರೆ ಬಗ್ಗಿದ ಕಾಲು ಚೂರು ನೆಟ್ಟಗಾಗುವಷ್ಟೇ ದೂರ. ನಿಜವಾದ ಹೊರುವವರು ನೇಪಾಳದ ಹಮಾಲರು. ಎವರೆಸ್ಟ್ ದಾರಿಯ ನಾಮ್ಚೆ ಸಂತೆಗೆ ಸಾಮಾನು ಹೊತ್ತವರನ್ನು ತೂಕ ಹಾಕಿದ ಅಧ್ಯಯನ 2005ರಲ್ಲಿ ಬಂತು. ಗಂಡಸರು ಸರಾಸರಿ ಮೈತೂಕದ 93%, ಹೆಂಗಸರು 66% ಹೊತ್ತಿದ್ದರು. ಐವರಲ್ಲಿ ಒಬ್ಬ ಗಂಡಸು ಮೈತೂಕದ 125%ಗಿಂತ ಜಾಸ್ತಿ. ಹೊರೆಯ ಪಟ್ಟಿ ಹಣೆಯ ಮೇಲೆ, ನಿಧಾನ ನಡಿಗೆ, ಆಗಾಗ ನಿಂತು ಉಸಿರು. ಅದೂ ದಿನಗಟ್ಟಲೆ, ಏರುದಾರಿ. ಪದಕ ಕೊಡುವುದಾದರೆ ನಾನು ಇವರಿಗೆ ಕೊಡುತ್ತೇನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗಂಡಾಳಿಗೆ 55 ಕೆಜಿಗಿಂತ ಹೆಚ್ಚು ಹೊರಿಸಬೇಡಿ ಅಂತ ಶಿಫಾರಸು ಮಾಡಿದೆ. ಬಸಣ್ಣ ಹೇಳಿದ ಕ್ವಿಂಟಲ್ ಚೀಲದವರ ಮೊಣಕಾಲು ಈಗ ಹೇಗಿದೆ ಕೇಳಿ ನೋಡಿ.

ಬಯಲುಸೀಮೆ_ಬಸು:
ಕೇಳುವುದೇ ಬೇಡಕ್ಕ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ.

ರಾಟೆಹಗ್ಗ:
ಸ್ನೇಹಿತ ಮನುಷ್ಯ, ಇರುವೆ ಎರಡನ್ನೂ ಬಿಟ್ಟುಕೊಟ್ಟ. ಈಗ ಹದ್ದು ಹಿಡಿದುಕೊಂಡಿದ್ದಾನೆ. ಹದ್ದು ಕುರಿಮರಿ ಎತ್ತಿಕೊಂಡು ಹೋಗುವುದು, ಮಗು ಎತ್ತುವ ವಿಡಿಯೋ, ಅದೆಲ್ಲ ನಿಜವಾ ಅಂತ.

ಹುಳಹುಪ್ಪಟೆ:
ಆ ಮಗುವಿನ ವಿಡಿಯೋ 2012ರದ್ದು, ಕೆನಡಾದ ಮಾಂಟ್ರಿಯಲ್‌ನ ಆನಿಮೇಶನ್ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಮಾಡಿದ್ದು. ಹದ್ದೂ ಸುಳ್ಳು, ಹಾರಿದ ಮಗುವೂ ಸುಳ್ಳು.

ಹಾರುವ ಪ್ರಾಣಿಗಳಲ್ಲಿ ನಿಮ್ಮ ಸ್ನೇಹಿತರ ಮಾತು ಹೆಚ್ಚುಕಮ್ಮಿ ಸರಿ. ಅವಕ್ಕೆ ಆನಿಕೊಳ್ಳಲು ನೆಲ ಇಲ್ಲ. ಗಾಳಿಯನ್ನು ಕೆಳಕ್ಕೆ ತಳ್ಳಿದಷ್ಟೇ ಎತ್ತುವ ಬಲ. ತನ್ನ ಮೈ ಎತ್ತಲೇ ಅದರಲ್ಲಿ ಬಹುಪಾಲು ಹೋಗುತ್ತದೆ. ದೊಡ್ಡ ಹದ್ದುಗಳೂ ಸಾಮಾನ್ಯವಾಗಿ ತಮ್ಮ ತೂಕಕ್ಕಿಂತ ಕಡಿಮೆಯದ್ದನ್ನೇ ಹೊತ್ತು ಹಾರುತ್ತವೆ. ಭಾರವಾದ ಬೇಟೆಯನ್ನು ಅಲ್ಲೇ ನೆಲದ ಮೇಲೆ ಕಿತ್ತು ತಿನ್ನುತ್ತವೆ. ಜೇನು ತನ್ನ ತೂಕದ ಅರ್ಧಕ್ಕೂ ಜಾಸ್ತಿ ಮಕರಂದ ತುಂಬಿಕೊಂಡು ಹಾರುತ್ತದೆ, ಆದರೆ ಗೂಡಿನ ಬಾಗಿಲಿಗೆ ಬಂದು ದೊಪ್ ಅಂತ ಬೀಳುವುದನ್ನು ಸಾಕಿದವರು ನೋಡಿರುತ್ತೀರಿ.

ಜೇಡ ಹಿಡಿಯುವ ಕಣಜ ಗೊತ್ತಾ? ತನಗಿಂತ ದಪ್ಪ ಜೇಡವನ್ನು ಚುಚ್ಚಿ ಮರಗಟ್ಟಿಸಿ, ಹಾರಲಾಗದೆ, ಹಿಂದೆ ಹಿಂದೆ ನಡೆಯುತ್ತಾ ಅಂಗಳದಲ್ಲಿ ಎಳೆದುಕೊಂಡು ಹೋಗುತ್ತದೆ. ರೆಕ್ಕೆ ಇದ್ದೂ ನಡಿಗೆ. ಅಮೆರಿಕದಲ್ಲಿ ಜೀರುಂಡೆ ಬೇಟೆಯಾಡುವ ಒಂದು ದೊಡ್ಡ ಕಣಜ ಇನ್ನೂ ಜಾಣ. ಜೀರುಂಡೆ ತನಗಿಂತ ಭಾರ, ನೆಲದಿಂದ ಏಳಲಾಗುವುದಿಲ್ಲ. ಅದಕ್ಕೆ ಅದನ್ನು ಹೊತ್ತು ಮರ ಹತ್ತುತ್ತದೆ, ಮೇಲಿಂದ ಹಾರಿ ತೇಲುತ್ತಾ ಬಿಲದ ಕಡೆ ಇಳಿಯುತ್ತದೆ.

ಅಂಬಾರಿ_ನೋಡಿದವ:
ಮರ ಹತ್ತುವುದು ಅಂದರೆ ಚಿರತೆಯನ್ನು ಮರೆಯಬೇಡಿ. ತನಗಿಂತ ಭಾರದ ಬೇಟೆಯನ್ನು ಕುತ್ತಿಗೆ ಕಚ್ಚಿ ನೇರ ಮರಕ್ಕೆ ಏರಿಸುತ್ತದೆ. ಉಗುರು ಮರಕ್ಕೆ, ಹಲ್ಲು ಬೇಟೆಗೆ. ಕಬಿನಿ ಕಡೆ ಸಫಾರಿ ಹೋದವರು ಕೊಂಬೆ ಮೇಲೆ ಜೋತುಬಿದ್ದ ಜಿಂಕೆ ನೋಡಿರುತ್ತಾರೆ. ಚಿರತೆಯಷ್ಟು ದೊಡ್ಡ ಪ್ರಾಣಿಗಳಲ್ಲಿ ಇದಕ್ಕಿಂತ ನೇರ ಸಾಕ್ಷಿ ಇಲ್ಲ.

ಅಣಬೆ_ಪ್ರಿಯ:
ಎಲ್ಲರೂ ಪ್ರಾಣಿ ಪ್ರಾಣಿ ಅನ್ನುತ್ತಿದ್ದೀರಿ, ಅಣಬೆಗೆ ಜೀವ ಇಲ್ವಾ? ಮಳೆ ಬಿದ್ದ ಮೇಲೆ ಹುತ್ತದ ಗಟ್ಟಿ ಮಣ್ಣನ್ನು ಒಡೆದು ಮೇಲೆ ಬರುವುದನ್ನು ನೋಡಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ವಸ್ತು. ಡಾಂಬರು ರಸ್ತೆ ಒಡೆದು, ಹಾಸುಗಲ್ಲು ಎತ್ತಿ ಬಂದ ಅಣಬೆಗಳೂ ಇವೆ. ಸ್ನಾಯು ಇಲ್ಲ, ಮೂಳೆ ಇಲ್ಲ. ಒಂದೊಂದು ಎಳೆಯೂ ನೀರು ಹೀರಿ ಉಬ್ಬುತ್ತದೆ, ಆ ಒತ್ತಡವೇ ಕಲ್ಲನ್ನು ಎತ್ತುವುದು. ನಿಧಾನ, ಅಷ್ಟೇ. ಕಾಂಪೌಂಡು ಗೋಡೆಯಲ್ಲಿ ಅರಳಿ ಗಿಡ ಹುಟ್ಟಿ ಗೋಡೆ ಸೀಳಿದ್ದಕ್ಕೆ ಮನೆ ಕಟ್ಟಿದವರ ಹತ್ತಿರ ಕೇಳಿ.

ಲೆಕ್ಕದ_ಮೇಡಂ:
ಇನ್ನೂ ಕೆಳಗೆ ಹೋದರೆ ಗೊನೋರಿಯಾ ರೋಗದ ಬ್ಯಾಕ್ಟೀರಿಯಾ. ಕೂದಲಿನಂಥ ಎಳೆಗಳನ್ನು ಚಾಚಿ, ಅಂಟಿಸಿ, ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಎಳೆತ ಅದರ ತೂಕದ 1 ಲಕ್ಷ ಪಟ್ಟು ಅಂತ 2008ರಲ್ಲಿ ಅಳೆದರು. ಆದರೆ ಅಷ್ಟು ಚಿಕ್ಕ ಗಾತ್ರದಲ್ಲಿ, ಅದೂ ನೀರಿನೊಳಗೆ, ತೂಕಕ್ಕೆ ಅರ್ಥವೇ ಇರುವುದಿಲ್ಲ. ಅಂಟು ಮತ್ತು ಜಿಗುಟೇ ಎಲ್ಲ. ಗಾತ್ರ ಇಳಿದಷ್ಟೂ ‘ಎಷ್ಟು ಪಟ್ಟು’ ಅನ್ನುವ ಪ್ರಶ್ನೆಯೇ ಸಡಿಲವಾಗುತ್ತದೆ.

ಬರೀ_ಅನುಮಾನ:
ಎಲ್ಲ ಸರಿ, ನನ್ನ ಗೊರಿಲ್ಲಾಗೆ ಯಾರೂ ಉತ್ತರ ಕೊಡಲಿಲ್ಲ. 10 ಪಟ್ಟು?

ಲೆಕ್ಕದ_ಮೇಡಂ:
ಗೊರಿಲ್ಲಾಗೆ ಬಾರ್ ಕೊಟ್ಟು ಎತ್ತು ಅನ್ನುವವರು ಯಾರು? ಚಿಂಪಾಂಜಿಯದ್ದು ನೋಡಿ. ಮೊದಲೆಲ್ಲ ಮನುಷ್ಯನ ಐದು ಪಟ್ಟು ಬಲ ಅನ್ನುತ್ತಿದ್ದರು. 2017ರಲ್ಲಿ ಅದರ ಸ್ನಾಯುವಿನ ಎಳೆಗಳನ್ನೇ ತೆಗೆದು ಪರೀಕ್ಷಿಸಿದಾಗ ನಮ್ಮದಕ್ಕಿಂತ 1.35 ಪಟ್ಟು ಮಾತ್ರ ಜಾಸ್ತಿ ಬಂತು. ವೇಗವಾಗಿ ಜಗ್ಗುವ ಬಗೆಯ ಎಳೆ ಅವಕ್ಕೆ ಜಾಸ್ತಿ, ಬೇಗ ದಣಿಯದ ಬಗೆ ನಮಗೆ ಜಾಸ್ತಿ. 160 ಕೆಜಿ ಗೊರಿಲ್ಲಾ 10 ಪಟ್ಟು ಎತ್ತಬೇಕಾದರೆ 1,600 ಕೆಜಿ. ಅದೇ ಜಾತಿಯ ಸ್ನಾಯು, ನಮಗಿಂತ ದೊಡ್ಡ ಮೈ. ಮೇಲಿನ ಗೆಲಿಲಿಯೋ ಲೆಕ್ಕಕ್ಕೆ ಅದು ಕೂರುವುದಿಲ್ಲ. ಬಲಶಾಲಿ ಹೌದು, 10 ಪಟ್ಟು ಅನ್ನುವುದನ್ನು ಪಟ್ಟಿಯಿಂದ ತೆಗೆಯಿರಿ.

ರಾಟೆಹಗ್ಗ:
850, 10 ಎರಡನ್ನೂ ಹೊಡೆದುಹಾಕಿ, 1141ರ ಮುಂದೆ ‘ಜಗ್ಗಿದ್ದು’ ಅಂತ ಬರೆದು ಅಂಗಡಿ ಗ್ರೂಪಿಗೆ ಹಾಕಿದ್ದೇನೆ. ಚಿರತೆಗೆ ಸ್ನೇಹಿತ ಒಪ್ಪಿದ. ಅಣಬೆಗೆ ಒಪ್ಪಿಲ್ಲ, ಅದು ಎತ್ತುವುದಲ್ಲ ಬೆಳೆಯುವುದು ಅಂತ ಶುರು ಮಾಡಿದ್ದಾನೆ. ಅಣಬೆಯವರೇ, ನೀವೇ ನೋಡಿಕೊಳ್ಳಿ.